ಸೆರೆಮನೆ ಉಳಿಸಿದ ಮಠ

ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ, ವಿಯೆನ್ ನದಿ ಲ್ವಾರ್ ನದಿಯನ್ನು ಕೂಡುವ ಸಂಗಮದಿಂದ ನಾಲ್ಕಾರು ಕಿಲೋಮೀಟರ್ ದೂರದ ಸಣ್ಣ ಕಣಿವೆಯಲ್ಲಿ ಫಾಂತೆವ್ರೋ ಎಂಬ ಹಳ್ಳಿಯಿದೆ. ಅಲ್ಲಿರುವುದು ಸುಮಾರು ಒಂದೂವರೆ ಸಾವಿರ ಜನ. ಸುತ್ತಮುತ್ತ ಕಾಡು, ದ್ರಾಕ್ಷಿತೋಟ. ಇಷ್ಟು ಚಿಕ್ಕ ಊರಿನ ನಡುವೆ ಯುರೋಪಿನ ಅತಿ ದೊಡ್ಡ ಕ್ರೈಸ್ತ ಮಠಗಳಲ್ಲೊಂದು ಬಿಳಿಯ ಸುಣ್ಣಕಲ್ಲಿನಲ್ಲಿ ಇಂದಿಗೂ ನಿಂತಿದೆ. ಅದು ಯಾಕೆ ನಿಂತಿದೆ ಎಂಬ ಪ್ರಶ್ನೆ ಸುಲಭದ್ದಲ್ಲ. ಬರ್ಗಂಡಿಯ ಕ್ಲೂನಿಯಲ್ಲಿದ್ದ ಚರ್ಚು 187 ಮೀಟರ್ ಉದ್ದವಿತ್ತು. ರೋಮಿನಲ್ಲಿ ಈಗಿನ ಸಂತ ಪೀಟರ್ ಚರ್ಚು ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. 1798ರಲ್ಲಿ ಅದು ವ್ಯಾಪಾರಿಗಳ ಪಾಲಾಯಿತು, 1823ರ ಹೊತ್ತಿಗೆ ಹತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ನಾರ್ಮಂಡಿಯ ಜ್ಯುಮಿಯೆಜ್ ಮಠವನ್ನು ಕೊಂಡ ಮರದ ವ್ಯಾಪಾರಿ ಅದನ್ನು ಮದ್ದಿಟ್ಟು ಸಿಡಿಸಿ ಕಲ್ಲು ಮಾರಿದ. ಅವೆರಡಕ್ಕೂ ಫಾಂತೆವ್ರೋಗಿಂತ ಹೆಚ್ಚಿನ ಪುರಾತನತೆ ಇತ್ತು, ಕಡಿಮೆಯಿಲ್ಲದ ಕೀರ್ತಿಯೂ ಇತ್ತು. ಆದರೂ ಅವು ಹೋದವು, ಇದು ಉಳಿಯಿತು. ಭಕ್ತಿ, ಸೌಂದರ್ಯ, ರಾಜರ ಸಮಾಧಿಗಳು, ಸರ್ಕಾರದ ಸಂರಕ್ಷಣೆ ಎಂದು ಇದಕ್ಕೆ ಹಲವು ಕಾರಣ ಹೇಳುವವರಿದ್ದಾರೆ. ನನ್ನ ಎಣಿಕೆಯಲ್ಲಿ ಇವು ಯಾವುವೂ ಮುಖ್ಯ ಕಾರಣವಲ್ಲ. ಫಾಂತೆವ್ರೋ ಮಠವನ್ನು ಉಳಿಸಿದ್ದು ಒಂದೂವರೆ ಶತಮಾನ ಅದರೊಳಗೆ ನಡೆದ ಸೆರೆಮನೆ.

ಮೊದಲು ಮಠ ಹುಟ್ಟಿದ ಬಗೆಯನ್ನು ನೋಡಬೇಕು, ಏಕೆಂದರೆ ಅದರ ಮುಂದಿನ ಗತಿ ಅಲ್ಲಿಂದಲೇ ಶುರುವಾಗುತ್ತದೆ. ರೋಬೆರ್ ದಾರ್ಬ್ರಿಸೆಲ್ ಬ್ರಿಟನಿ ಸೀಮೆಯವನು, ಓದಿಕೊಂಡವನು. ನಡುವಯಸ್ಸಿನಲ್ಲಿ ಎಲ್ಲ ಬಿಟ್ಟು ಕಾಡು ಸೇರಿದ, ಆಮೇಲೆ ಬರಿಗಾಲಿನ ಸಂಚಾರಿ ಬೋಧಕನಾದ. 1096ರಲ್ಲಿ ಪೋಪ್ ಎರಡನೆಯ ಅರ್ಬನ್ ಅವನಿಗೆ ಬೋಧನೆಯ ಅನುಮತಿ ಕೊಟ್ಟ. ಅವನ ಹಿಂದೆ ಬಂದ ಗುಂಪಿನಲ್ಲಿ ಬಡವರು, ಕುಷ್ಠರೋಗಿಗಳು, ಗಂಡಂದಿರನ್ನು ತೊರೆದ ಕುಲೀನ ಹೆಂಗಸರು, ವೇಶ್ಯೆಯರು ಎಲ್ಲರೂ ಇದ್ದರು. ಗಂಡಸರೂ ಹೆಂಗಸರೂ ಒಟ್ಟಿಗೆ ಕಾಡುಮೇಡು ಅಲೆಯುವುದು, ರಾತ್ರಿ ಅಕ್ಕಪಕ್ಕದಲ್ಲೇ ಮಲಗುವುದು ಧರ್ಮಾಧಿಕಾರಿಗಳ ಕಣ್ಣು ಕೆಂಪಾಗಿಸಿತು. ರೆನ್ ನಗರದ ಬಿಷಪ್ ಮಾರ್ಬೊದ್ ಅವನನ್ನು ಕಟುವಾಗಿ ಬೈದು ಕಾಗದ ಬರೆದ. ಹೆಣ್ಣಿನ ಹತ್ತಿರವೇ ಇದ್ದು ಆಸೆಯನ್ನು ಗೆಲ್ಲುವುದು ರೋಬೆರ್‌ನ ತಪಸ್ಸಿನ ಒಂದು ಬಗೆಯಾಗಿತ್ತು. ಟೀಕಾಕಾರರಿಗೆ ಅದು ಬರೀ ನೆಪವಾಗಿ ಕಂಡಿತು. ಒಂದು ಕಡೆ ನೆಲೆ ನಿಲ್ಲದೆ ಗತಿಯಿಲ್ಲ ಎನ್ನುವ ಸ್ಥಿತಿ ಬಂದಾಗ, 1101ರಲ್ಲಿ, ಅವನು ಈ ಕಣಿವೆಯಲ್ಲಿ ನೀರಿನ ಒರತೆ ಇದ್ದೆಡೆ ಗುಡಿಸಲು ಹಾಕಿಸಿದ. ಆಂಜು, ತುರೇನ್, ಪ್ವಾತು ಎಂಬ ಮೂರು ಸೀಮೆಗಳ ಗಡಿ ಕೂಡುವ ಜಾಗ ಅದು.

ಗುಡಿಸಲುಗಳು ಮಠವಾದಾಗ ರೋಬೆರ್ ಮಾಡಿದ ಏರ್ಪಾಡು ಅಂದಿಗೆ ಮಾತ್ರವಲ್ಲ, ಇಂದಿಗೂ ಅಚ್ಚರಿ ಹುಟ್ಟಿಸುವಂಥದು. ಒಂದೇ ಆವರಣದಲ್ಲಿ ಸನ್ಯಾಸಿನಿಯರಿಗೆ ದೊಡ್ಡ ಮಠ, ಪಶ್ಚಾತ್ತಾಪಪಟ್ಟು ಬಂದ ಹೆಂಗಸರಿಗೆ ಮದಲೇನಾ ಮಠ, ಕುಷ್ಠರೋಗಿಗಳಿಗೆ ಸಂತ ಲಾಜರನ ಮಠ, ಕಾಯಿಲೆಯವರಿಗೆ ಸಂತ ಬೆನೆಡಿಕ್ಟನ ಮಠ, ಗಂಡಸರಿಗೆ ಸಂತ ಯೋಹಾನನ ಮಠ. ಇಷ್ಟಕ್ಕೂ ಮೇಲೆ ಒಬ್ಬಳು ಮಠಾಧ್ಯಕ್ಷೆ. ಗಂಡು ಸನ್ಯಾಸಿಗಳೂ ಅವಳ ಆಜ್ಞೆಗೆ ಒಳಪಟ್ಟವರೇ. ಶಿಲುಬೆಯ ಮೇಲಿಂದ ಯೇಸು ತನ್ನ ತಾಯಿ ಮರಿಯಳನ್ನು ಶಿಷ್ಯ ಯೋಹಾನನಿಗೆ ಒಪ್ಪಿಸಿದ ಸುವಾರ್ತೆಯ ಪ್ರಸಂಗ ಇದಕ್ಕೆ ಆಧಾರ: ಯೋಹಾನ ಮರಿಯಳನ್ನು ತಾಯಿಯಾಗಿ ಸೇವಿಸಿದಂತೆ ಇಲ್ಲಿನ ಗಂಡಸರು ಸನ್ಯಾಸಿನಿಯರನ್ನು ಸೇವಿಸಬೇಕು. 1115ರಲ್ಲಿ ಮೊದಲ ಅಧ್ಯಕ್ಷೆಯನ್ನು ಆರಿಸುವಾಗ ರೋಬೆರ್ ಇನ್ನೊಂದು ಷರತ್ತು ಇಟ್ಟ. ಚಿಕ್ಕಂದಿನಿಂದ ಮಠದ ಗೋಡೆಯೊಳಗೇ ಬೆಳೆದ ಕನ್ಯೆ ಬೇಡ; ಹೊರಗಿನ ಸಂಸಾರ ಕಂಡ, ವ್ಯವಹಾರ ಬಲ್ಲ ಹೆಂಗಸೇ ಆಗಬೇಕು. ಆಸ್ತಿ, ಗೇಣಿ, ವ್ಯಾಜ್ಯ ನೋಡಿಕೊಳ್ಳಲು ಜಪ ಬಲ್ಲವಳಷ್ಟೇ ಸಾಲದು ಎಂಬುದು ಅವನ ಲೆಕ್ಕ. ವಿಧವೆಯಾಗಿದ್ದ ಪೆತ್ರೊನೀಲ್ ದ ಶೆಮಿಯೆ ಆಯ್ಕೆಯಾದಳು. ಮರುವರ್ಷ ರೋಬೆರ್ ತೀರಿಕೊಂಡ. ಅವನ ನಂತರ 1792ರವರೆಗೆ ಒಟ್ಟು 36 ಅಧ್ಯಕ್ಷೆಯರು ಒಬ್ಬರಾದ ಮೇಲೊಬ್ಬರು ಈ ಮಠವನ್ನೂ ಫ್ರಾನ್ಸ್, ಇಂಗ್ಲೆಂಡ್, ಸ್ಪೇನ್‌ಗಳಲ್ಲಿ ಹರಡಿದ್ದ ಅದರ ಶಾಖೆಗಳನ್ನೂ ಆಳಿದರು.

ಇಷ್ಟು ದೀರ್ಘಕಾಲ ಗಂಡಸರ ಮೇಲೆ ಹೆಂಗಸರ ಅಧಿಕಾರ ನಡೆದದ್ದನ್ನು ಧರ್ಮದ ಬಲವೆಂದು ಬಣ್ಣಿಸುವುದು ವಾಡಿಕೆ. ಸುವಾರ್ತೆಯ ಆಧಾರ ಆರಂಭಕ್ಕೆ ಬೇಕಾಗಿತ್ತು, ನಿಜ. ಆದರೆ ಅದೊಂದೇ ಏಳು ಶತಮಾನ ಹೊರಲಾರದು. ಮಠದ ಗಂಡಸರು ಈ ಏರ್ಪಾಡನ್ನು ತಲೆಬಾಗಿ ಒಪ್ಪಿಕೊಂಡೇ ಇದ್ದರೆಂದೇನೂ ಅಲ್ಲ. ಮತ್ತೆ ಮತ್ತೆ ಪ್ರತಿಭಟಿಸಿದರು, ವ್ಯಾಜ್ಯ ಹೂಡಿದರು. 17ನೇ ಶತಮಾನದಲ್ಲಿ ಅಂಥದೊಂದು ದೊಡ್ಡ ಜಗಳ ಎದ್ದಾಗ ಅಧ್ಯಕ್ಷೆಯಾಗಿದ್ದವಳು ಜಾನ್-ಬಾಪ್ತಿಸ್ತ್ ದ ಬೂರ್ಬೊನ್. ಅವಳು ನಾಲ್ಕನೆಯ ಹೆನ್ರಿ ದೊರೆಯ ಮಗಳು, ಪಟ್ಟದ ರಾಣಿಯಲ್ಲಿ ಹುಟ್ಟಿದವಳಲ್ಲ. ಆದರೂ ಸಿಂಹಾಸನದ ಮೇಲಿದ್ದ ಹದಿಮೂರನೆಯ ಲೂಯಿ ಅವಳ ಅಣ್ಣ. ಅಣ್ಣನ ದರ್ಬಾರಿನಲ್ಲಿ ತೀರ್ಪು ಯಾರ ಕಡೆ ಬಂದೀತು? 1491ರಿಂದ 1670ರವರೆಗೆ ಅಧ್ಯಕ್ಷಪೀಠದಲ್ಲಿ ಕೂತ ಐವರೂ ಬೂರ್ಬೊನ್ ರಕ್ತದವರು. ಅವರ ನಂತರ ಬಂದ ಗಾಬ್ರಿಯೆಲ್ ದ ರೋಶೆಶ್ವಾರ್ ಹದಿನಾಲ್ಕನೆಯ ಲೂಯಿಯ ಪ್ರೇಯಸಿ ಮೊಂತೆಸ್ಪಾಳ ತಂಗಿ. ಪ್ಲೇಟೋನ 'ಸಿಂಪೋಸಿಯಂ' ಸಂವಾದವನ್ನು ನಾಟಕಕಾರ ರಾಸೀನ್ ಜತೆ ಫ್ರೆಂಚಿಗೆ ತಂದ ವಿದುಷಿ. 1738ರಲ್ಲಿ ಹದಿನೈದನೆಯ ಲೂಯಿ ತನ್ನ ನಾಲ್ವರು ಕಿರಿಯ ಹೆಣ್ಣುಮಕ್ಕಳನ್ನು ಬೆಳೆಸಲು ಕಳಿಸಿದ್ದೂ ಇಲ್ಲಿಗೇ. ಅವರಲ್ಲಿ ಒಬ್ಬಳು ಬಾಲ್ಯದಲ್ಲೇ ಇಲ್ಲಿ ತೀರಿಕೊಂಡಳು, ಉಳಿದವರು ಹತ್ತು ಹನ್ನೆರಡು ವರ್ಷ ಅರಮನೆ ಕಾಣದೆ ಬೆಳೆದರು. ರಾಜಮನೆತನಕ್ಕೆ ಮದುವೆಯಾಗದ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ, ಲೆಕ್ಕಕ್ಕೆ ಹೊರತಾದ ಸಂತಾನಕ್ಕೆ ಗೌರವವೂ ಆದಾಯವೂ ಇರುವ ಜಾಗ ಬೇಕಾಗಿತ್ತು. ಫಾಂತೆವ್ರೋ ಆ ಕೆಲಸಕ್ಕೆ ಒದಗಿತು. ಅಂದರೆ ಹಳೆಯ ಕಾಲದಲ್ಲೂ ಮಠವನ್ನು ಕಾಪಾಡಿದ್ದು ಅದರಿಂದ ಯಾರಿಗೋ ಇದ್ದ ಪ್ರಯೋಜನವೇ.

ಇಂದು ಪ್ರವಾಸಿಗರನ್ನು ಸೆಳೆಯುವ ರಾಜಸಮಾಧಿಗಳ ಕಥೆಯೂ ಹೀಗೇ. ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಆಂಜು ಸೀಮೆಯ ಒಡೆಯನೂ ಹೌದು. ಅವನ ಸೋದರತ್ತೆ ಮಟಿಲ್ಡಾ ಈ ಮಠದ ಎರಡನೆಯ ಅಧ್ಯಕ್ಷೆಯಾಗಿದ್ದಳು. ಆದರೂ ಅವನು ತನ್ನ ದೇಹವನ್ನು ಹೂಳಲು ಬಯಸಿದ್ದು ಗ್ರಾಂಮೋಂ ಎಂಬ ಬೇರೆ ಮಠದಲ್ಲಿ. 1189ರ ಜುಲೈನಲ್ಲಿ ಶಿನೋನ್ ಕೋಟೆಯಲ್ಲಿ ಅವನು ಸತ್ತಾಗ ಕಡು ಬೇಸಿಗೆ. ಹೆಣವನ್ನು ಅಷ್ಟು ದೂರ ಒಯ್ಯುವಂತಿರಲಿಲ್ಲ, ಹತ್ತಿರವಿದ್ದದ್ದು ಫಾಂತೆವ್ರೋ. ಹತ್ತು ವರ್ಷದ ಮೇಲೆ, ಸಲಾದೀನನೊಡನೆ ಧರ್ಮಯುದ್ಧ ಮಾಡಿ ಹೆಸರಾದ ಮಗ ಸಿಂಹಹೃದಯಿ ರಿಚರ್ಡ್ ಶಾಲ್ಯು ಕೋಟೆಯ ಮುಂದೆ ಬಾಣ ತಗುಲಿ ಸತ್ತ. ಅವನ ಹೃದಯ ರೂಆಂ ನಗರಕ್ಕೆ ಹೋಯಿತು, ದೇಹ ಅಪ್ಪನ ಕಾಲಬಳಿಗೆ ಬಂತು. ಗಂಡನ ವಿರುದ್ಧ ಮಕ್ಕಳನ್ನು ಎತ್ತಿಕಟ್ಟಿ ವರ್ಷಗಟ್ಟಲೆ ಸೆರೆಯಲ್ಲಿದ್ದ ರಾಣಿ ಎಲಿಯನೋರ್ ಕೊನೆಗಾಲವನ್ನು ಈ ಮಠದಲ್ಲೇ ಕಳೆದು 1204ರಲ್ಲಿ ಅವರ ಪಕ್ಕ ಸೇರಿದಳು. ಮೂವರ ಶಿಲ್ಪಗಳೂ ಬಣ್ಣ ಬಳಿದ ಸುಣ್ಣಕಲ್ಲಿನವು. ಗಂಡಸರಿಬ್ಬರು ಕಿರೀಟ, ರಾಜದಂಡ ಸಮೇತ ಮಂಚದ ಮೇಲೆ ಮಲಗಿದ್ದಾರೆ. ಎಲಿಯನೋರ್ ಮಾತ್ರ ಎರಡೂ ಕೈಯಲ್ಲಿ ಪುಸ್ತಕವೊಂದನ್ನು ಬಿಚ್ಚಿ ಹಿಡಿದಿದ್ದಾಳೆ. ಅವರ ಜತೆಗಿರುವ ನಾಲ್ಕನೆಯ ಶಿಲ್ಪ ಅವಳ ಸೊಸೆ ಅಂಗುಲೇಮಿನ ಇಸಬೆಲ್ಲಳದು, ಮರದಲ್ಲಿ ಕೆತ್ತಿದ್ದು.

ಫ್ರೆಂಚ್ ಕ್ರಾಂತಿ ಬಂದಾಗ ರಾಜಮನೆತನದ ನಂಟೇ ಮಠಕ್ಕೆ ಮುಳುವಾಯಿತು. 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ್ದಾಯಿತು. ಮರುವರ್ಷ ಸನ್ಯಾಸದ ಶಪಥಗಳಿಗೆ ಕಾನೂನಿನ ಮಾನ್ಯತೆ ಹೋಯಿತು. 1792ರಲ್ಲಿ ಉಳಿದಿದ್ದ ಸನ್ಯಾಸಿನಿಯರೂ ಹೊರಟರು. ಕೊನೆಯ ಅಧ್ಯಕ್ಷೆ ಜೂಲಿ ದ ಪಾರ್ದೈಯಾಂ 1797ರಲ್ಲಿ ಪ್ಯಾರಿಸಿನಲ್ಲಿ ಬಡತನದಲ್ಲಿ ಸತ್ತಳು. ಪೀಠೋಪಕರಣ, ಗಂಟೆ, ಸೀಸದ ಹಾಳೆ, ಕಬ್ಬಿಣ ಏನು ಸಿಕ್ಕಿದರೂ ಜನ ಹೊತ್ತೊಯ್ದರು. ಸಮಾಧಿಗಳನ್ನು ಒಡೆದರು. ಗಂಡಸರ ಮಠ ನೆಲಸಮವಾಯಿತು. ಅದರ ಕುರುಹೂ ಈಗ ಹೆಚ್ಚಿಲ್ಲ. ಮುಖ್ಯ ಬಲಿಪೀಠ ಮಾತ್ರ ಹಳ್ಳಿಯ ಸಂತ ಮಿಕಾಯೇಲನ ಚರ್ಚಿಗೆ ಸಾಗಿ ಬದುಕಿತು, ಏಕೆಂದರೆ ಅಲ್ಲಿ ಪೂಜೆ ನಡೆಯುತ್ತಿತ್ತು. ಹನ್ನೆರಡು ವರ್ಷ ಮಠ ಹೀಗೆ ಬಾಗಿಲಿಲ್ಲದೆ ಬಿದ್ದಿತ್ತು. ದೀಪ ಹಚ್ಚುವವರಿಲ್ಲದ ಮನೆ ಬೇಗ ಬೀಳುತ್ತದೆ ಎನ್ನುತ್ತಾರಲ್ಲ, ಫಾಂತೆವ್ರೋದ ಸುಣ್ಣಕಲ್ಲು ಬೇರೆ ಬಹಳ ಮೆದು. ಮಾಡು ಸೋರಿದರೆ ಗೋಡೆ ತಡೆಯುವುದು ಕಷ್ಟ. ಇನ್ನೊಂದು ತಲೆಮಾರು ಕಳೆದಿದ್ದರೆ ಕ್ಲೂನಿಯ ಗತಿಯೇ ಇದಕ್ಕೂ ಬರುತ್ತಿತ್ತು ಎನ್ನಲು ಹೆಚ್ಚು ಊಹೆ ಬೇಕಿಲ್ಲ.

ಅದನ್ನು ತಪ್ಪಿಸಿದ್ದು 1804ರ ಅಕ್ಟೋಬರ್ 18ರಂದು ನೆಪೋಲಿಯನ್ ಹೊರಡಿಸಿದ ಆದೇಶ: ಫಾಂತೆವ್ರೋ ಇನ್ನು ಮುಂದೆ ಸೆರೆಮನೆ. ಇದರ ಹಿಂದೆ ಕಾನೂನಿನ ದೊಡ್ಡ ಬದಲಾವಣೆಯೊಂದಿದೆ. ಹಳೆಯ ಆಡಳಿತದಲ್ಲಿ ಸೆರೆ ಎಂದರೆ ಬಹುತೇಕ ವಿಚಾರಣೆಗೆ ಕಾಯುವ ಜಾಗ. ಶಿಕ್ಷೆ ಎಂದರೆ ಛಡಿಯೇಟು, ಬರೆ, ಹಡಗಿನ ಹುಟ್ಟು, ಗಲ್ಲು. 1791ರ ದಂಡಸಂಹಿತೆ ಸೆರೆವಾಸವನ್ನೇ ಮುಖ್ಯ ಶಿಕ್ಷೆಯನ್ನಾಗಿ ಮಾಡಿತು. ಹಾಗಾಗಿ ಸಾವಿರಾರು ಜನರನ್ನು ವರ್ಷಗಟ್ಟಲೆ ಇಡಲು ಒಮ್ಮೆಲೇ ಜಾಗ ಬೇಕಾಯಿತು. ಯುದ್ಧದಲ್ಲಿ ಮುಳುಗಿದ ಸರ್ಕಾರದ ಬಳಿ ಹೊಸ ಕಟ್ಟಡಕ್ಕೆ ಹಣವಿರಲಿಲ್ಲ, ಖಾಲಿ ಮಠಗಳು ಮಾತ್ರ ಬೇಕಾದಷ್ಟಿದ್ದವು. ಮಠವೊಂದರ ನಕ್ಷೆ ತೆಗೆದುಕೊಂಡು ನೋಡಿ: ಎತ್ತರದ ಸುತ್ತುಗೋಡೆ, ಸಾಲು ಮಲಗುಮನೆ, ಒಟ್ಟಿಗೆ ಉಣ್ಣುವ ಶಾಲೆ, ಆಸ್ಪತ್ರೆ, ಕೆಲಸದ ಮನೆ, ಪ್ರಾರ್ಥನೆಯ ಜಾಗ, ನೀರಿನ ವ್ಯವಸ್ಥೆ. ಸೆರೆಮನೆಗೆ ಇದಕ್ಕಿಂತ ಹೆಚ್ಚೇನೂ ಬೇಡ. 16ನೇ ಶತಮಾನದ ಆದಿಯಲ್ಲಿ ರೆನೆ ದ ಬೂರ್ಬೊನ್ ಶಿಸ್ತು ಬಿಗಿ ಮಾಡಲು, ಸನ್ಯಾಸಿನಿಯರು ಹೊರಗೆ ಹೋಗದಿರಲೆಂದು ಎತ್ತಿಸಿದ್ದ ಗೋಡೆ ಮೂರು ಶತಮಾನದ ಮೇಲೆ ಕಳ್ಳರು ಹೊರಗೆ ಹೋಗದಿರಲೂ ನೆರವಾಯಿತು. ಮಾರ್ಪಾಡಿನ ಕೆಲಸ ಮುಗಿದು 1814ರಲ್ಲಿ ಸೆರೆಮನೆ ವಿಧಿವತ್ತಾಗಿ ತೆರೆಯಿತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಅಲ್ಲಿ ತುಂಬಿದರು. ಕೈದಿಗಳ ಸಂಖ್ಯೆ ಸಾವಿರ ದಾಟಿತು.

ಜೈಲಿನವರು ಮಠವನ್ನು ಉಳಿಸಲು ಬಂದವರಲ್ಲ ಎಂಬುದನ್ನು ಒಪ್ಪಲೇಬೇಕು. ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಇದೇ: ಚರ್ಚಿನ ಮುಖ್ಯ ಹಜಾರದ ಮೇಲಿದ್ದ ಗುಮ್ಮಟಗಳನ್ನು ಕೆಡವಿದವರು ಅವರೇ, ಅಷ್ಟೆತ್ತರದ ಹಜಾರದೊಳಗೆ ಮಹಡಿಯ ಮೇಲೆ ಮಹಡಿ ಹಾಕಿ ಕೈದಿಗಳನ್ನು ಮಲಗಿಸಿದವರೂ ಅವರೇ. ಇದನ್ನು ಉಳಿಸುವುದು ಎನ್ನಬಹುದೇ? ಉತ್ತರಕ್ಕೆ ಮೂರು ಬೇರೆ ಮಠಗಳನ್ನು ನೋಡೋಣ. ಶಾಂಪೇನ್ ಸೀಮೆಯ ಕ್ಲೆರ್ವೊ ಸಂತ ಬರ್ನಾರ್ಡನ ಮಠ, 1115ರದ್ದು. ಅದನ್ನೂ 1808ರಲ್ಲಿ ಸರ್ಕಾರ ಸೆರೆಮನೆಗಾಗಿ ಪಡೆಯಿತು. ಅಲ್ಲಿ ವಸತಿ ಕಟ್ಟಡಗಳೇ ಕೈದಿಗಳಿಗೆ ಸಾಕಾದವು, ದೊಡ್ಡ ಚರ್ಚಿಗೆ ಕೆಲಸ ಸಿಗಲಿಲ್ಲ. 1812ರಿಂದ ಅದನ್ನು ಕಲ್ಲಿಗಾಗಿ ಕೆಡವತೊಡಗಿದರು. ಪ್ಯಾರಿಸ್ ಬಳಿಯ ರ್ವಾಯೋಮೋಂ ಮಠವನ್ನು ಕೊಂಡ ಜಮೀನ್ದಾರ 1792ರಲ್ಲಿ ಚರ್ಚನ್ನು ಕೆಡವಿಸಿದ, ಉಳಿದ ಕಟ್ಟಡಗಳಲ್ಲಿ ಹತ್ತಿ ನೂಲುವ ಗಿರಣಿ ಹಾಕಿದ. ಗಿರಣಿ ನಡೆದ ಭಾಗ ಈಗಲೂ ಚೆನ್ನಾಗಿದೆ, ಚರ್ಚಿನದು ಒಂದು ಮೂಲೆಯ ಗೋಪುರ ಮಾತ್ರ ನಿಂತಿದೆ. ಬರ್ಗಂಡಿಯ ಫೋಂತೆನೆ ಕಾಗದದ ಕಾರ್ಖಾನೆಯಾಯಿತು, ಮೋಂಗೋಲ್ಫಿಯೆ ಮನೆತನದವರು ಅದನ್ನು ನಡೆಸಿದರು. ಅಲ್ಲಿ ಚರ್ಚೂ ಸೇರಿ ಹೆಚ್ಚುಕಡಿಮೆ ಇಡೀ ಮಠ ಉಳಿದು 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಮೂರೂ ಕಡೆ ಕೆಲಸಕ್ಕೆ ಬಂದದ್ದು ಉಳಿಯಿತು, ಬಾರದ್ದು ಕಲ್ಲಿನ ಗಣಿಯಾಯಿತು. ಫಾಂತೆವ್ರೋದಲ್ಲಿ ಹಜಾರದೊಳಗೆ ಮಹಡಿ ಹಾಕಿದ್ದು ನೋಡಲು ಅಸಹ್ಯವಾಗಿದ್ದಿರಬೇಕು. ಆದರೆ ಆ ಮಹಡಿಗಳಿಂದಾಗಿಯೇ ಗೋಡೆಗಳಿಗೆ ಒಂದು ಕೆಲಸ ಸಿಕ್ಕಿತು, ಮೇಲೆ ಮಾಡು ನಿಂತಿತು. ಗುಮ್ಮಟ ಹೋದದ್ದು ನಷ್ಟ, ಹಜಾರವೇ ಹೋಗಿದ್ದರೆ ಅದು ಅಳಿವು. ಎರಡಕ್ಕೂ ವ್ಯತ್ಯಾಸವಿದೆ.

ಕ್ಲೆರ್ವೊದ ಉದಾಹರಣೆ ಇನ್ನೊಂದು ಆಕ್ಷೇಪವನ್ನೂ ಬಗೆಹರಿಸುತ್ತದೆ. ಉಳಿಸಿದ್ದು ಸೆರೆಮನೆಯಲ್ಲ, ಸರ್ಕಾರದ ಒಡೆತನ. ಖಾಸಗಿಯವರ ಕೈಗೆ ಹೋದ ಮಠಗಳು ಹಾಳಾದವು, ಸರ್ಕಾರದ ಬಳಿ ಇದ್ದವು ಬದುಕಿದವು ಎಂದು ಕೆಲವರು ವಾದಿಸಬಹುದು. ಕ್ಲೆರ್ವೊ ಸರ್ಕಾರದ್ದೇ, ಆದರೂ ಚರ್ಚು ಹೋಯಿತು. ಫೋಂತೆನೆ ಖಾಸಗಿಯವರದ್ದೇ, ಆದರೂ ಉಳಿಯಿತು. ಹಾಗೆಯೇ 1834ರಲ್ಲಿ ಐತಿಹಾಸಿಕ ಸ್ಮಾರಕಗಳ ಇನ್ಸ್‌ಪೆಕ್ಟರ್ ಆದ ಲೇಖಕ ಪ್ರೊಸ್ಪೆರ್ ಮೆರಿಮೆಗೆ ಶ್ರೇಯಸ್ಸು ಕೊಡುವುದೂ ಉಂಟು. ಮೆರಿಮೆ ದೊಡ್ಡ ಮನುಷ್ಯ, ಫ್ರಾನ್ಸ್ ಅವನಿಗೆ ಬಹಳ ಋಣಿ. ಆದರೆ ಫಾಂತೆವ್ರೋ ಸ್ಮಾರಕಗಳ ಪಟ್ಟಿ ಸೇರಿದ್ದು 1840ರಲ್ಲಿ. ಸನ್ಯಾಸಿನಿಯರು ಹೊರಟು ಆಗಲೇ 48 ವರ್ಷ. ಆ ಅಪಾಯದ ಅವಧಿಯಲ್ಲಿ ಮಾಡಿಗೆ ಹಂಚು ಹೊದಿಸಿ ಕಾದದ್ದು ಜೈಲು ಇಲಾಖೆ. ಪಟ್ಟಿ ಸೇರಿದ ಮೇಲೂ ಕೈದಿಗಳು ಅಲ್ಲಿಂದ ಕದಲಲಿಲ್ಲ. ಇನ್ನೂ 123 ವರ್ಷ ಅಲ್ಲೇ ಇದ್ದರು. ಪಟ್ಟಿಯಿಂದಾದ ಉಪಕಾರವೆಂದರೆ ಒಂದೊಂದೇ ಭಾಗವನ್ನು ಜೈಲಿನಿಂದ ಬಿಡಿಸಿಕೊಂಡು ದುರಸ್ತಿ ಮಾಡಲು ದಾರಿಯಾದದ್ದು. ಮೆರಿಮೆ ಬಂದಾಗ ದುರಸ್ತಿ ಮಾಡಲು ಏನಾದರೂ ಇತ್ತಲ್ಲ, ಅದು ಮುಖ್ಯ.

ಇನ್ನು ರಾಜಸಮಾಧಿಗಳ ಮಹಿಮೆ. ರಿಚರ್ಡ್ ಮಲಗಿರುವ ಜಾಗವನ್ನು ಯಾರು ತಾನೇ ಕೆಡವುತ್ತಿದ್ದರು ಎಂದು ಕೇಳಬಹುದು. 1816ರಲ್ಲಿ ಇಂಗ್ಲಿಷ್ ಚಿತ್ರಕಾರ ಚಾರ್ಲ್ಸ್ ಸ್ಟೊಥರ್ಡ್ ಈ ಶಿಲ್ಪಗಳನ್ನು ಹುಡುಕಿಕೊಂಡು ಬಂದ. ಅವು ಸಿಕ್ಕಿದ್ದು ಚರ್ಚಿನ ಪಕ್ಕದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಅಲ್ಲಿಯೇ ಒಂದು ಬಾವಿ. ಕೈದಿಗಳು ದಿನಕ್ಕೆ ಎರಡು ಸಲ ನೀರು ಸೇದಲು ಬರುವಾಗ ಇಂಗ್ಲೆಂಡಿನ ದೊರೆಗಳ ಮೂಗು, ಬೆರಳು ಏಟು ತಿನ್ನುತ್ತಿದ್ದವು. ರಾಜರು ಮಠವನ್ನು ಉಳಿಸುವುದಿರಲಿ, ತಮ್ಮ ಮೂಗನ್ನೂ ಉಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸ್ಟೊಥರ್ಡ್‌ನ ಚಿತ್ರಗಳು ಪ್ರಕಟವಾದ ಮೇಲೆ ಇಂಗ್ಲೆಂಡಿನಲ್ಲಿ ಆಸೆ ಹುಟ್ಟಿತು: ಇವು ನಮ್ಮ ರಾಜರು, ವೆಸ್ಟ್‌ಮಿನ್‌ಸ್ಟರಿಗೆ ಬರಲಿ. ಲೂಯಿ ಫಿಲಿಪ್ ದೊರೆ ಶಿಲ್ಪಗಳನ್ನು ದುರಸ್ತಿಯ ಹೆಸರಿನಲ್ಲಿ ರಾಜಧಾನಿಯ ಕಡೆ ತರಿಸಿಕೊಂಡ. 1848ರ ಕ್ರಾಂತಿಯಲ್ಲಿ ಅವನ ಸಿಂಹಾಸನವೇ ಹೋದ ಮೇಲೆ ಅವು ಊರಿಗೆ ಮರಳಿದವು. 1860ರ ದಶಕದಲ್ಲಿ ಮೂರನೆಯ ನೆಪೋಲಿಯನ್ ಅವನ್ನು ವಿಕ್ಟೋರಿಯಾ ರಾಣಿಗೆ ಕೊಡಲು ಒಪ್ಪಿಯೂ ಬಿಟ್ಟ. ಆಂಜು ಸೀಮೆಯ ಜನ ಗಲಾಟೆ ಎಬ್ಬಿಸಿದ್ದರಿಂದ ರಾಣಿಯೇ ಬೇಡಿಕೆ ಕೈಬಿಟ್ಟಳು. ಐವತ್ತು ವರ್ಷದ ಹಿಂದೆ ನೆಲಮಾಳಿಗೆಯಲ್ಲಿ ಬಿದ್ದಿದ್ದಾಗ ಇಲ್ಲದ ಅಭಿಮಾನ ಬೇರೆಯವರು ಕೇಳಿದಾಗ ಬಂತು. ಅಷ್ಟರಲ್ಲಿ ಚರ್ಚಿನ ಗೋಡೆಗಳು ಸುಭದ್ರವಾಗಿದ್ದವು, ಅವುಗಳ ನಡುವೆ ಕೈದಿಗಳು ನಿದ್ದೆ ಮಾಡುತ್ತಿದ್ದರು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ನೀತಿಯದು. ಕಲ್ಲು ಉಳಿಯಿತು ಎಂದು ಸಂತೋಷಪಡುವಾಗ ಅದರೊಳಗೆ ಬದುಕು ಸವೆಸಿದವರನ್ನು ಮರೆಯಬಹುದೇ? ಫಾಂತೆವ್ರೋದಂಥ ಕೇಂದ್ರ ಸೆರೆಮನೆಗಳಲ್ಲಿ ಕೈದಿಗಳ ದುಡಿಮೆ ಗುತ್ತಿಗೆದಾರನ ಪಾಲಾಗಿತ್ತು. ಊಟ ಹಾಕುವವನು ಅವನೇ, ನೆಯ್ಗೆ, ಗುಂಡಿ ಕೊರೆಯುವುದು, ಹೊಲಿಗೆ ಮಾಡಿಸಿಕೊಂಡು ಲಾಭ ತೆಗೆಯುವವನೂ ಅವನೇ. 1839ರ ಮೇ 10ರ ನಿಯಮಾವಳಿ ಕೇಂದ್ರ ಸೆರೆಮನೆಗಳಲ್ಲಿ ಮಾತನ್ನೇ ನಿಷೇಧಿಸಿತು. ಮದ್ಯ ಇಲ್ಲ, ಹೊಗೆಸೊಪ್ಪು ಇಲ್ಲ, ಕೈಯಲ್ಲಿ ಕಾಸು ಇಲ್ಲ, ಬಾಯಲ್ಲಿ ಮಾತು ಇಲ್ಲ. ಒಂದು ಕಾಲಕ್ಕೆ ಸನ್ಯಾಸಿನಿಯರು ದೇವರಿಗಾಗಿ ಮೌನ ಪಾಲಿಸಿದ ಅದೇ ಭೋಜನಶಾಲೆ, ಅದೇ ಪಡಸಾಲೆಗಳಲ್ಲಿ ಈಗ ಶಿಕ್ಷೆಯ ಭಯದಿಂದ ಮೌನ. ಸೆರೆಮನೆ ಮಠದ ಮುಂದುವರಿಕೆ ಎಂದು ಜಾಣತನದಿಂದ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಠದಲ್ಲೂ ತಂದೆತಾಯಿ ತಂದು ಬಿಟ್ಟ ಹುಡುಗಿಯರು ಇದ್ದರು, ಎಲ್ಲರೂ ಒಲಿದು ಬಂದವರಲ್ಲ. ಆದರೂ ವ್ರತಕ್ಕೆ ಒಪ್ಪಿದ ಮೌನ ಬೇರೆ, ಬೀಗದ ಹಿಂದಿನ ಮೌನ ಬೇರೆ. ಸೆರೆಮನೆ ಕಟ್ಟಡವನ್ನು ಉಳಿಸಿತು ಎನ್ನುವುದು ಸೆರೆಮನೆಯನ್ನು ಹೊಗಳುವುದಲ್ಲ. ಕಾರಣ ಹೇಳುವುದು ಒಂದು, ಸಮರ್ಥಿಸುವುದು ಇನ್ನೊಂದು. ಆ ಕೈದಿಗಳಿಗೆ ಸಲ್ಲಬೇಕಾದ ಲೆಕ್ಕ ಸಲ್ಲಬೇಕೆಂದಿದ್ದರೆ, ಮಠ ಉಳಿದದ್ದು ಅವರಿಂದ ಎಂದು ಒಪ್ಪುವುದೇ ಅದರ ಮೊದಲ ಕಂತು. ಕಲೆಯ ಪ್ರಭಾವ, ಪರಂಪರೆಯ ಪ್ರಜ್ಞೆ ಎಂದೆಲ್ಲ ಹೇಳಿದರೆ ಅವರು ಇತಿಹಾಸದಿಂದಲೂ ಹೊರಬೀಳುತ್ತಾರೆ.

ಹಳ್ಳಿಯ ಕಡೆಯಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟ. ಫಾಂತೆವ್ರೋ ಊರು ಮಠಕ್ಕಾಗಿಯೇ ಹುಟ್ಟಿದ್ದು: ರೊಟ್ಟಿ ಸುಡುವವರು, ಕಲ್ಲುಕುಟಿಗರು, ತೋಟದ ಆಳುಗಳು. ಸನ್ಯಾಸಿನಿಯರು ಹೋದಾಗ ಊರು ತನ್ನ ಏಕೈಕ ಯಜಮಾನಿಯನ್ನು ಕಳೆದುಕೊಂಡಿತು. ಸೆರೆಮನೆ ಬಂದಾಗ ಕಾವಲುಗಾರರ ಸಂಸಾರಗಳು ಬಂದವು, ಸಂಬಳ ಬಂತು, ಅಂಗಡಿ ನಡೆದವು. ಇಂದು ಹಳ್ಳಿಗೆ ಅನ್ನ ಕೊಡುವುದು ಪ್ರವಾಸಿಗರು. ಮೂರೂ ಕಾಲದಲ್ಲಿ ಊರಿನ ಬದುಕು ಅದೇ ಸುತ್ತುಗೋಡೆಗೆ ಅಂಟಿಕೊಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಪ್ರತಿರೋಧ ಹೋರಾಟಗಾರರನ್ನು ಕೂಡಿಹಾಕಿದ್ದರು. ಅದೇ ಕಾಲದಲ್ಲಿ ಜಾಂ ಜೆನೆ ಬರೆದ 'ಗುಲಾಬಿಯ ಪವಾಡ' ಕಾದಂಬರಿ ಈ ಸೆರೆಮನೆಯನ್ನು ಸಾಹಿತ್ಯದಲ್ಲಿ ಅಜರಾಮರ ಮಾಡಿತು. ಜೆನೆ ಹಲವು ಜೈಲು ಕಂಡವನೇ, ಫಾಂತೆವ್ರೋದಲ್ಲಿ ಕೈದಿಯಾಗಿದ್ದ ದಾಖಲೆ ಮಾತ್ರ ಇಲ್ಲ. ಆದರೂ ಬಹಳ ಓದುಗರಿಗೆ ಆ ಹೆಸರು ಮೊದಲು ಪರಿಚಯವಾದದ್ದು ಎಲಿಯನೋರಳಿಂದಲ್ಲ, ಅವನಿಂದ.

ಉಳಿದದ್ದು ನಿಜವಾಗಿ ಹಳೆಯದೇ ಎಂಬ ಅನುಮಾನವನ್ನೂ ಎದುರಿಸಬೇಕು. 20ನೇ ಶತಮಾನದ ಆದಿಯಲ್ಲಿ ವಾಸ್ತುಶಿಲ್ಪಿ ಲೂಸಿಯಾಂ ಮಾನ್ ಹಜಾರದಿಂದ ಮಹಡಿಗಳನ್ನು ತೆಗೆಸಿ ಗುಮ್ಮಟಗಳನ್ನು ಮತ್ತೆ ಕಟ್ಟಿಸಿದ. ಈಗ ತಲೆಯೆತ್ತಿದರೆ ಕಾಣುವ ಗುಮ್ಮಟಗಳಲ್ಲಿ ಹೆಚ್ಚಿನವು ನೂರು ವರ್ಷ ಚಿಲ್ಲರೆಯವು, ಗೋಡೆಗಳು ಮಾತ್ರ 12ನೇ ಶತಮಾನದವು. ಅಡುಗೆಮನೆಯ ಕಥೆ ಇನ್ನೂ ಸೊಗಸಾಗಿದೆ. ಅಷ್ಟಕೋನದ ತಳ, ಸುತ್ತಲೂ ಹೊರಗೆ ಉಬ್ಬಿದ ಒಲೆಗೂಡುಗಳು, ಮೀನಿನ ಪೊರೆಯಂತೆ ಒಂದರ ಮೇಲೊಂದು ಕೂತ ಕಲ್ಲಿನ ಬಿಲ್ಲೆಗಳ ಚೂಪು ಮಾಡು. ಎಷ್ಟು ವಿಚಿತ್ರವೆಂದರೆ ಬಹಳ ಕಾಲ ಅದು ಅಡುಗೆಮನೆಯೆಂದು ಯಾರೂ ನಂಬಲಿಲ್ಲ. ಸಮಾಧಿ ಮಂದಿರ ಎಂದರು ಒಬ್ಬರು. ದಾರಿಹೋಕರನ್ನು ದೋಚುತ್ತಿದ್ದ ಎವ್ರೋ ಎಂಬ ಕಳ್ಳನ ಗೋಪುರ ಎಂದರು ಹಳ್ಳಿಯವರು. ಮಾನ್ ಅದನ್ನು ದುರಸ್ತಿ ಮಾಡುವಾಗ ತನಗೆ ತೋಚಿದಂತೆ ಹೊಗೆಗೂಡುಗಳನ್ನು ಸೇರಿಸಿದ. ಇಂದು ಅಂಚೆಚೀಟಿ, ಪೋಸ್ಟ್ ಕಾರ್ಡುಗಳಲ್ಲಿ ಮೆರೆಯುವ ಆ ಗೋಪುರಗಳ ಸಾಲಿನಲ್ಲಿ ಅವನ ಕಲ್ಪನೆ ಎಷ್ಟಿದೆ ಎಂಬುದು ವಿದ್ವಾಂಸರ ಜಗಳ. ಇದರಿಂದ ನನ್ನ ವಾದ ಸಡಿಲಾಗುವುದಿಲ್ಲ. ಮಾನ್ ಮೇಲ್ಭಾಗ ಕಟ್ಟಲು ಕೆಳಭಾಗ ಇದ್ದದ್ದರಿಂದ ಸಾಧ್ಯವಾಯಿತು. ಜ್ಯುಮಿಯೆಜ್‌ನಲ್ಲಿ ಅವನಂಥ ಹತ್ತು ಜನ ಬಂದಿದ್ದರೂ ಮಾಡಲು ಹೆಚ್ಚೇನೂ ಇರುತ್ತಿರಲಿಲ್ಲ.

1963ರಲ್ಲಿ ಸರ್ಕಾರ ಸೆರೆಮನೆಯನ್ನು ಮುಚ್ಚಿತು. 1975ರಲ್ಲಿ ಸಾಂಸ್ಕೃತಿಕ ಕೇಂದ್ರ ಬಂತು. 2000ದಲ್ಲಿ ಲ್ವಾರ್ ಕಣಿವೆಯ ಭಾಗವಾಗಿ ವಿಶ್ವ ಪರಂಪರೆಯ ಮನ್ನಣೆ. ಕುಷ್ಠರೋಗಿಗಳಿಗೆಂದು ಕಟ್ಟಿದ ಸಂತ ಲಾಜರನ ಮಠ ಈಗ ಹೋಟೆಲು. 2021ರಲ್ಲಿ ಆಧುನಿಕ ಕಲೆಯ ಸಂಗ್ರಹಾಲಯವೂ ತೆರೆಯಿತು. ಬಳಕೆ ಬದಲಾಗಿದೆ, ನಿಂತಿಲ್ಲ. ಅದು ಸರಿಯಾಗಿಯೇ ಇದೆ. ಸರಿಯಿಲ್ಲದ್ದು ದುರಸ್ತಿಗಾರರ ದೃಷ್ಟಿ. ಅವರಿಗೆ 1101ರಿಂದ 1792ರವರೆಗಿನದು ಇತಿಹಾಸ, ಆಮೇಲಿನದು ಕೊಳೆ. ಹಾಗಾಗಿ ಕೊಠಡಿಗಳ ಅಡ್ಡಗೋಡೆ, ಕಾರ್ಯಾಗಾರ, ಕಾವಲಿನ ದಾರಿ ಬಹುಪಾಲು ನೆಲಸಮವಾದವು. ಕಟ್ಟಡಗಳನ್ನು ಕೆರೆದು ಬೆಳ್ಳಗೆ ಮಾಡಿದರು. ಫೋಂತೆನೆಯಲ್ಲೂ 1906ರ ನಂತರ ಕಾಗದದ ಕಾರ್ಖಾನೆಯನ್ನು ಹೀಗೇ ಅಳಿಸಿದ್ದರು. ಸೆರೆಮನೆಯ ಬಗ್ಗೆ ಫಾಂತೆವ್ರೋದಲ್ಲಿ ಈಚೆಗೆ ಮಾತು ಹೆಚ್ಚಾಗಿದೆ, ವಿವರಣೆಯ ಫಲಕಗಳಿವೆ, ಕೆಲವು ಕುರುಹುಗಳನ್ನು ಕಾಪಾಡಿದ್ದಾರೆ. ಆದರೆ ಹೋದದ್ದು ಹೋಯಿತು, ಮತ್ತು ಹೋಗಬೇಕಾಗಿರಲಿಲ್ಲ. ಇಷ್ಟು ದೊಡ್ಡ ಆವರಣದಲ್ಲಿ ಒಂದು ಕಟ್ಟಡವನ್ನಾದರೂ ಕೈದಿಗಳು ಬಿಟ್ಟುಹೋದ ಹಾಗೆಯೇ ಇಡೀ ಉಳಿಸಬಹುದಿತ್ತು. 1963ರ ಆದೇಶದ ಮೇಲೂ ಸುಮಾರು ನಲವತ್ತು ಕೈದಿಗಳನ್ನು ಮದಲೇನಾ ಮಠದ ಭಾಗದಲ್ಲಿ ಉಳಿಸಿಕೊಂಡಿದ್ದರು. ತೋಟ ನೋಡಿಕೊಳ್ಳುವುದು, ಸೆರೆಮನೆಯ ಕಟ್ಟೋಣವನ್ನು ಕೆಡವುವುದು ಅವರ ಕೆಲಸ. ಅದನ್ನು ಮುಗಿಸಿ ಅವರಲ್ಲಿ ಕೊನೆಯವರು ಹೊರಟದ್ದು 1985ರಲ್ಲಿ.